ಅಪ್ಪ-ಅಮ್ಮನ ಜೊತೆ ಮೇನ್ ರಾಜ್ಯಕ್ಕೆ: ಹೋಗಿ ಬಂದವರು, ಅಲ್ಲೇ ಇರುವವರು ಸ್ವಲ್ಪ ಹೇಳಿ

ಕಾನುಮನೆ

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಊರು ಶಿರಸಿ ಹತ್ತಿರ. ಅಪ್ಪ-ಅಮ್ಮ ಬಂದಿದ್ದಾರೆ. ಅಕ್ಟೋಬರ್ ಮೊದಲ ವಾರ ರಜೆ ಹಾಕಿ ಮೇನ್ ಕಡೆ ಹೋಗಿ ಬರೋಣ ಅಂತಿದೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. "ಕಾಡೂ ನೋಡಿದ್ದೇನೆ, ಕಡಲೂ ನೋಡಿದ್ದೇನೆ, ಅಷ್ಟು ದೂರ ಹೋಗಿ ಮತ್ತೆ ಅದನ್ನೇ ನೋಡೋದಾ?" ಅಂತಾರೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಮೊಟ್ಟೆಯನ್ನೂ ತಿನ್ನಲ್ಲ. ಲೈಟ್‌ಹೌಸ್ ಮತ್ತು ಲಾಬ್‌ಸ್ಟರ್ ಬಿಟ್ಟರೆ ಅಲ್ಲಿ ಏನಿದೆ? ಯಾವ ಊರು ನೋಡಬೇಕು, ಯಾವುದು ಬಿಟ್ಟರೂ ಪರವಾಗಿಲ್ಲ? ಹೋಗಿ ಬಂದವರು ದಯವಿಟ್ಟು ಹೇಳಿ.

ಬಾಸ್ಟನ್ ಬಿಸಿಬೇಳೆ

ಖಂಡಿತ ಹೋಗಿ. ಆದರೆ ಒಂದು ವಾರದಲ್ಲಿ ಇಡೀ ಮೇನ್ ನೋಡುತ್ತೇವೆ ಅಂತ ಮಾತ್ರ ಹೊರಡಬೇಡಿ. ನಮ್ಮವರು ಎಲ್ಲರೂ ಇದೇ ಮಾಡ್ತಾರೆ, ಮ್ಯಾಪ್‌ನಲ್ಲಿ ಹತ್ತು ಲೈಟ್‌ಹೌಸ್ ಗುರುತು ಹಾಕಿಕೊಂಡು ದಿನಕ್ಕೆ ಆರು ಗಂಟೆ ಕಾರಲ್ಲಿ ಕೂರೋದು, ಫೋಟೋ ತೆಗೆಯೋದು, ಮತ್ತೆ ಕಾರು. ಮಂಡಿ ನೋವಿರುವ ಅಮ್ಮನನ್ನು ಹಾಗೆ ಕೂರಿಸಿದರೆ ಮೂರನೇ ದಿನಕ್ಕೆ ಮನೆಗೆ ಹೋಗೋಣ ಅಂತಾರೆ.

ಮೊದಲು ಆ ರಾಜ್ಯದ ಆಕಾರ ಅರ್ಥ ಮಾಡಿಕೊಳ್ಳಿ. ಅಮೆರಿಕದಲ್ಲೇ ಅತಿ ಹೆಚ್ಚು ಕಾಡಿರುವ ರಾಜ್ಯ ಅದು, ನೆಲದ ಸುಮಾರು 90 ಶೇಕಡಾ ಕಾಡೇ. ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಜನ ಬರೀ 14 ಲಕ್ಷದಷ್ಟು. ಆ ಜನರಲ್ಲಿ ಬಹುಪಾಲು ದಕ್ಷಿಣದ ಮೂಲೆಯಲ್ಲಿ ಮತ್ತು ಕಡಲ ಅಂಚಲ್ಲಿ ಇದ್ದಾರೆ. ಉತ್ತರದ ಅರ್ಧ ಭಾಗದಲ್ಲಿ ಎಷ್ಟೋ ಕಡೆ ಊರಾಡಳಿತವೇ ಇಲ್ಲ, ಜಾಗಗಳಿಗೆ ಹೆಸರಿನ ಬದಲು ನಂಬರ್ ಇದೆ.

ಕಡಲಂತೂ ನಮ್ಮ ಕಾರವಾರ-ಗೋಕರ್ಣದ ಕಡಲಿಗೆ ಏನೂ ಸಂಬಂಧ ಇಲ್ಲದ್ದು, ಅಪ್ಪನಿಗೆ ಹೇಳಿ. ದಕ್ಷಿಣದಲ್ಲಿ ಓಗನ್‌ಕ್ವಿಟ್, ಓಲ್ಡ್ ಆರ್ಚರ್ಡ್ ಬೀಚ್ ಕಡೆ ಉದ್ದದ ಮರಳು ಇದೆ. ಪೋರ್ಟ್‌ಲ್ಯಾಂಡ್ ದಾಟಿದರೆ ಬಹುಪಾಲು ಬಂಡೆ. ಹಿಮನದಿಗಳು ಕೊರೆದು ಹೋದ ನೆಲಕ್ಕೆ ಆಮೇಲೆ ಸಮುದ್ರ ನುಗ್ಗಿ ಬೆರಳು ಬೆರಳಾಗಿ ಸೀಳಿಕೊಂಡಿದೆ, ಸಾವಿರಾರು ದ್ವೀಪಗಳಿವೆ. ನೇರ ಗೆರೆ ಎಳೆದರೆ 228 ಮೈಲಿ ಇರುವ ಕರಾವಳಿ, ಎಲ್ಲ ಅಂಕುಡೊಂಕು ಸೇರಿಸಿ ಅಳೆದರೆ 3,400 ಮೈಲಿ ದಾಟುತ್ತದೆ. ಕ್ಯಾಲಿಫೋರ್ನಿಯಾಗಿಂತ ಉದ್ದ! ಹಾಗಾಗಿ ಎದುರಿಗೆ ಕಾಣುವ ಊರಿಗೆ ಹೋಗೋಕೂ ಸುತ್ತು ಹಾಕಬೇಕು. ಜಿಪಿಎಸ್ ಹೇಳುವ ಸಮಯಕ್ಕೆ ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ.

ನನ್ನ ಸಲಹೆ ಇಷ್ಟೇ. ಪೋರ್ಟ್‌ಲ್ಯಾಂಡ್‌ನಲ್ಲಿ ಎರಡು ರಾತ್ರಿ, ಬಾರ್ ಹಾರ್ಬರ್ ಕಡೆ ಮೂರು ರಾತ್ರಿ. ನಡುವೆ ಮೂರು ಗಂಟೆಯ ದಾರಿ. ಹೋಗುವಾಗ ಹೈವೇ, ಬರುವಾಗ ರೂಟ್ 1 ಹಿಡಿದು ಕ್ಯಾಮ್ಡೆನ್, ರಾಕ್‌ಲ್ಯಾಂಡ್ ನೋಡಿಕೊಂಡು ನಿಧಾನಕ್ಕೆ ಬನ್ನಿ. ಕ್ಯಾಮ್ಡೆನ್‌ನಲ್ಲಿ ಮೌಂಟ್ ಬ್ಯಾಟಿ ತುದಿಯವರೆಗೂ ಕಾರು ಹೋಗುತ್ತದೆ, ಅಮ್ಮನಿಗೆ ಒಂದು ಮೆಟ್ಟಿಲೂ ಇಲ್ಲ. ಮೇಲಿಂದ ಬಂದರು, ಹಾಯಿದೋಣಿ, ಕೊಲ್ಲಿಯ ದ್ವೀಪಗಳು ಎಲ್ಲ ಕಾಣುತ್ತವೆ.

ಇನ್ನೊಂದು ಮಾತು. ದಾರಿಯುದ್ದಕ್ಕೂ ಏನೋ ಕಡಿಮೆ ಇದೆ ಅನ್ನಿಸುತ್ತೆ, ಏನು ಅಂತ ಬೇಗ ಗೊತ್ತಾಗಲ್ಲ. ಜಾಹೀರಾತಿನ ಬೋರ್ಡುಗಳಿಲ್ಲ! 1977ರಲ್ಲೇ ಕಾನೂನು ಮಾಡಿ ರಸ್ತೆ ಬದಿಯ ಹೋರ್ಡಿಂಗ್ ಎಲ್ಲ ತೆಗೆಸಿದ್ದಾರೆ.

ಹಳೇ ಮೇಷ್ಟ್ರು

ಇತಿಹಾಸದ ಮೇಷ್ಟ್ರು ಅಂದಿರಲ್ಲ, ಹಾಗಾದರೆ ನಿಮ್ಮ ಅಪ್ಪನಿಗೆ ಈ ಉತ್ತರ ಓದಿಸಿ. ಅವರ ಪ್ರಶ್ನೆಗೆ ನಾನು ಹೇಳುವುದು ಒಂದೇ: ಮೇಷ್ಟ್ರೇ, ಅಲ್ಲಿ ಕಾಡು, ಕಡಲು ನೋಡಲು ಹೋಗಬೇಡಿ, ಆ ಕಾಡಿಗೋಸ್ಕರ ಯಾರು ಯಾರು ಬಡಿದಾಡಿದರು ಅಂತ ನೋಡಲು ಹೋಗಿ.

ಮೊದಲಿಂದ ಇದ್ದವರು ವಾಬನಾಕಿ ಜನ. ಪೆನಾಬ್‌ಸ್ಕಾಟ್, ಪಾಸಮಕ್ವಾಡಿ, ಮಾಲಿಸೀಟ್, ಮಿಕ್‌ಮ್ಯಾಕ್ ಅಂತ ಹಲವು ಗುಂಪುಗಳು, ಈಗಲೂ ಅಲ್ಲೇ ಇದ್ದಾರೆ. ಬರ್ಚ್ ಮರದ ತೊಗಟೆಯ ದೋಣಿ ಕಟ್ಟುವುದರಲ್ಲಿ, ಆಶ್ ಅನ್ನುವ ಮರದ ಸೀಳಿನಿಂದ ಬುಟ್ಟಿ ಹೆಣೆಯುವುದರಲ್ಲಿ ಎತ್ತಿದ ಕೈ. ಬಾರ್ ಹಾರ್ಬರ್‌ನಲ್ಲಿ ಆಬಿ ಮ್ಯೂಸಿಯಂ ಅಂತ ಇದೆ, ಇವರದೇ ಕಥೆ. ಸಣ್ಣದು, ಆದರೆ ಬಿಡಬೇಡಿ. ತಮ್ಮ ನೆಲ ಕಾನೂನುಬಾಹಿರವಾಗಿ ಕೈಬಿಟ್ಟು ಹೋಗಿದೆ ಅಂತ ಪಾಸಮಕ್ವಾಡಿ ಮತ್ತು ಪೆನಾಬ್‌ಸ್ಕಾಟ್ ಜನ ಕೋರ್ಟಿಗೆ ಹೋಗಿ, ರಾಜ್ಯದ ಹೆಚ್ಚುಕಮ್ಮಿ ಮೂರನೇ ಎರಡು ಭಾಗದ ಮೇಲೆ ಹಕ್ಕು ಕೇಳಿ, ಕೊನೆಗೆ 1980ರಲ್ಲಿ 8 ಕೋಟಿ ಡಾಲರ್‌ಗಿಂತ ಜಾಸ್ತಿ ಹಣಕ್ಕೆ ಇತ್ಯರ್ಥ ಆಯಿತು. ಆ ಒಪ್ಪಂದದ ಷರತ್ತುಗಳ ಬಗ್ಗೆ ಜಗಳ ಇವತ್ತಿಗೂ ಮುಗಿದಿಲ್ಲ.

ಯುರೋಪಿನವರಲ್ಲಿ ಫ್ರೆಂಚರು ಮೊದಲು ಬಂದು 1604ರಲ್ಲಿ ಸೇಂಟ್ ಕ್ರಾಯ್ ದ್ವೀಪದಲ್ಲಿ ನೆಲೆ ನಿಂತರು. ಒಂದೇ ಚಳಿಗಾಲಕ್ಕೆ 79 ಜನರಲ್ಲಿ 35 ಜನ ಸತ್ತರು, ಬಹುಪಾಲು ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ಬಂದು. 1607ರಲ್ಲಿ ಇಂಗ್ಲಿಷರು ಕೆನೆಬೆಕ್ ನದಿಯ ಬಾಯಲ್ಲಿ ಪೋಪಮ್ ಅಂತ ಊರು ಕಟ್ಟಿದರು. ವರ್ಷ ಕಳೆಯುವಷ್ಟರಲ್ಲಿ ಸಾಕಪ್ಪಾ ಅಂತ ವಾಪಸ್. ಹೋಗುವ ಮುಂಚೆ ಅಲ್ಲೇ ಒಂದು ಹಡಗು ಕಟ್ಟಿದ್ದರು, ಹೆಸರು ವರ್ಜೀನಿಯಾ. ಊರು ಉಳಿಯಲಿಲ್ಲ, ಹಡಗು ಕಟ್ಟುವ ಕಸುಬು ಉಳಿಯಿತು. ಅದೇ ನದಿಯ ದಡದ ಬಾತ್ ಊರಲ್ಲಿ ಇವತ್ತಿಗೂ ಅಮೆರಿಕದ ನೌಕಾಪಡೆಗೆ ಯುದ್ಧನೌಕೆ ಕಟ್ಟುತ್ತಾರೆ, ಪಕ್ಕದಲ್ಲೇ ಹಡಗುಗಳ ಮ್ಯೂಸಿಯಂ ಇದೆ.

ಈಗ ಮರದ ವಿಷಯ. ಇಂಗ್ಲೆಂಡಿನ ನೌಕಾಪಡೆಗೆ ಹಡಗಿನ ಕಂಬಕ್ಕೆ ಎತ್ತರದ, ನೆಟ್ಟಗಿನ ಮರ ಬೇಕಿತ್ತು. ಅಷ್ಟು ದೊಡ್ಡದು ಅವರ ಹತ್ತಿರ ಉಳಿದಿರಲಿಲ್ಲ. ಇಲ್ಲಿನ ಬಿಳಿ ಪೈನ್ ಮೇಲೆ ಕಣ್ಣು ಬಿತ್ತು. 1691ರ ಸನದಿನಲ್ಲಿ, ಬುಡದಿಂದ ಒಂದು ಅಡಿ ಮೇಲೆ 24 ಇಂಚು ಅಥವಾ ಅದಕ್ಕಿಂತ ದಪ್ಪ ಇರುವ ಮರ ಖಾಸಗಿ ನೆಲದಲ್ಲಿ ಇಲ್ಲದಿದ್ದರೆ ಅದು ರಾಜನದು ಅಂತ ಬರೆದರು. ಅಂಥ ಮರಗಳಿಗೆ ಕೊಡಲಿಯಿಂದ ಮೂರು ಏಟು ಹಾಕಿ ಬಾಣದ ಗುರುತು ಮಾಡುತ್ತಿದ್ದರು. ಜನ ಬಿಡ್ತಾರಾ? ರಾತ್ರೋರಾತ್ರಿ ಕಡಿದು ಹಲಗೆ ಮಾಡುತ್ತಿದ್ದರು. ಆ ಕಾಲದ ಮನೆಗಳಲ್ಲಿ ನೆಲದ ಹಲಗೆ 24 ಇಂಚಿಗಿಂತ ಸ್ವಲ್ಪವೇ ಕಡಿಮೆ ಅಗಲ ಇರುವುದು ಇದಕ್ಕೇ ಅಂತ ಅಲ್ಲಿನವರು ತಮಾಷೆ ಮಾಡುತ್ತಾರೆ. ಬ್ರಿಟಿಷರ ವಿರುದ್ಧ ಅಮೆರಿಕದವರು ತಿರುಗಿಬಿದ್ದದ್ದಕ್ಕೆ ಚಹಾ ಸುಂಕದ ಕಥೆ ಎಲ್ಲರಿಗೂ ಗೊತ್ತು, ಈ ಪೈನ್ ಮರದ ಸಿಟ್ಟು ಅಷ್ಟು ಜನರಿಗೆ ಗೊತ್ತಿಲ್ಲ.

1775ರ ಅಕ್ಟೋಬರ್ 18ಕ್ಕೆ ಬ್ರಿಟಿಷ್ ಹಡಗುಗಳು ಬಂದು ಫಾಲ್ಮತ್ ಅನ್ನುವ ಬಂದರಿಗೆ ಬೆಂಕಿ ಇಟ್ಟವು, 400ರಷ್ಟು ಕಟ್ಟಡ ಹೋದವು. ಆ ಊರೇ ಇವತ್ತಿನ ಪೋರ್ಟ್‌ಲ್ಯಾಂಡ್. ಆಮೇಲೆ 1866ರ ಜುಲೈ 4ಕ್ಕೆ ಸ್ವಾತಂತ್ರ್ಯ ದಿನದ ಗಲಾಟೆಯಲ್ಲಿ ಮತ್ತೆ ಬೆಂಕಿ, 1,800 ಕಟ್ಟಡ ಸುಟ್ಟು 10,000 ಜನ ಬೀದಿಗೆ ಬಂದರು. ಈಗ ಕಾಣುವ ಇಟ್ಟಿಗೆಯ ಹಳೇ ಪೇಟೆ ಬಹುಪಾಲು ಅದಾದ ಮೇಲೆ ಕಟ್ಟಿದ್ದು.

ಇನ್ನು ರಾಜ್ಯ ಆದದ್ದು. 1820ರವರೆಗೂ ಮೇನ್ ಅನ್ನೋದು ಮ್ಯಾಸಚೂಸೆಟ್ಸ್‌ನ ಒಂದು ತುಂಡು. ಮಧ್ಯೆ ನ್ಯೂ ಹ್ಯಾಂಪ್‌ಶೈರ್ ಬಂದು ಎರಡಕ್ಕೂ ನೆಲದ ಸಂಪರ್ಕವೇ ಇರಲಿಲ್ಲ. 1814ರಲ್ಲಿ ಬ್ರಿಟಿಷರು ಪೂರ್ವದ ಭಾಗ ಹಿಡಿದುಕೊಂಡಾಗ ಮ್ಯಾಸಚೂಸೆಟ್ಸ್ ರಾಜಧಾನಿ ಬಾಸ್ಟನ್‌ನವರು ಕೈಕಟ್ಟಿ ಕೂತರು. ಆ ಸಿಟ್ಟಿಗೆ ಬೇರೆ ರಾಜ್ಯ ಬೇಕು ಅನ್ನುವ ಕೂಗು ಜೋರಾಯಿತು. ಆದರೆ ವಾಷಿಂಗ್ಟನ್‌ನಲ್ಲಿ ಅದನ್ನು ಗುಲಾಮಗಿರಿಯ ಜಗಳಕ್ಕೆ ಗಂಟು ಹಾಕಿದರು. ಮಿಸೌರಿ ಗುಲಾಮರನ್ನು ಇಟ್ಟುಕೊಳ್ಳುವ ರಾಜ್ಯವಾಗಿ ಒಳಗೆ ಬಂದರೆ ಮಾತ್ರ ಮೇನ್ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಬರಬಹುದು ಅಂತ. 1820ರ ಮಾರ್ಚ್ 15ಕ್ಕೆ 23ನೇ ರಾಜ್ಯ ಆಯಿತು. ನಮ್ಮ ರಾಜ್ಯಕ್ಕೆ ಇಂಥ ಬೆಲೆ ಕೊಡಬೇಕಾ ಅಂತ ಅಲ್ಲಿನ ಕೆಲವು ಪ್ರತಿನಿಧಿಗಳೇ ವಿರೋಧವಾಗಿ ಮತ ಹಾಕಿದ್ದರು. ಮೂವತ್ತು ವರ್ಷ ಆದ ಮೇಲೆ ಇದೇ ಮೇನ್‌ನ ಬ್ರನ್ಸ್‌ವಿಕ್ ಊರಲ್ಲಿ ಕೂತು ಹ್ಯಾರಿಯಟ್ ಬೀಚರ್ ಸ್ಟೋ ಗುಲಾಮಗಿರಿಯ ವಿರುದ್ಧದ ಕಾದಂಬರಿ 'ಅಂಕಲ್ ಟಾಮ್ಸ್ ಕ್ಯಾಬಿನ್' ಬರೆದರು. ಆ ಮನೆ ಈಗಲೂ ಇದೆ, ಬಾತ್‌ನಿಂದ ಹತ್ತಿಪ್ಪತ್ತು ನಿಮಿಷ.

ಗಡಿ ಜಗಳ ಇನ್ನೂ ಮಜಾ. ಕೆನಡಾ ಕಡೆಯ ಗಡಿ ಎಲ್ಲಿ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1838-39ರಲ್ಲಿ ಎರಡೂ ಕಡೆ ಮರ ಕಡಿಯುವವರು ಜಗಳಕ್ಕೆ ಬಿದ್ದು, ಸೈನ್ಯ ಜಮಾಯಿಸಿ, ಕೋಟೆ ಕಟ್ಟಿ, ಕೊನೆಗೆ ಒಂದು ಸರಿಯಾದ ಕಾಳಗವೂ ಆಗದೆ ಮುಗಿಯಿತು. 1842ರ ಒಪ್ಪಂದದಲ್ಲಿ ಸೇಂಟ್ ಜಾನ್ ನದಿಯನ್ನು ಗಡಿ ಮಾಡಿದರು. ನದಿಯ ಎರಡೂ ದಡದಲ್ಲಿ ಒಂದೇ ಕುಟುಂಬದ ಫ್ರೆಂಚ್ ಮಾತಾಡುವ ಜನ ಇದ್ದರು. ಅಣ್ಣ ಅಮೆರಿಕ, ತಮ್ಮ ಕೆನಡಾ! 1919ರಲ್ಲಿ ಮೇನ್ ಸರ್ಕಾರ ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಪಾಠ ಅಂತ ಕಾನೂನು ಮಾಡಿತು. ಆಟದ ಬಯಲಲ್ಲಿ ಫ್ರೆಂಚ್ ಮಾತಾಡಿದರೂ ಮಕ್ಕಳಿಗೆ ಶಿಕ್ಷೆ. 1960ರ ದಶಕದವರೆಗೂ ಇದು ನಡೆಯಿತು. ಈಗಲೂ ಅಲ್ಲಿ ಮನೆಯಲ್ಲಿ ಫ್ರೆಂಚ್ ಆಡುವ ಹಿರಿಯರಿದ್ದಾರೆ.

ಒಂದು ಜಾಗ ಮಾತ್ರ ತಪ್ಪಿಸಬೇಡಿ ಅಂದರೆ ರಾಜಧಾನಿ ಆಗಸ್ಟಾದ ಫೋರ್ಟ್ ವೆಸ್ಟರ್ನ್. 1754ರಲ್ಲಿ ಕಟ್ಟಿದ ಮರದ ಕೋಟೆ. ನದಿಯ ಪಕ್ಕದಲ್ಲೇ ಇದೆ, ಮೇಷ್ಟ್ರಿಗೆ ಖುಷಿಯಾಗುತ್ತೆ. ಅದು ಬಿಟ್ಟರೆ ಆಗಸ್ಟಾದಲ್ಲಿ ರಾತ್ರಿ ಉಳಿಯುವಂಥದ್ದು ಏನೂ ಇಲ್ಲ, 20,000 ಜನ ಕೂಡ ಇಲ್ಲದ ರಾಜಧಾನಿ. ಅಕ್ಟೋಬರ್‌ನಲ್ಲಿ ಯಾವ ದಿನ ತೆರೆದಿರುತ್ತೆ ಅಂತ ಮೊದಲೇ ವಿಚಾರಿಸಿ.

ಚುಕ್ಕಿ

ಮೇಷ್ಟ್ರೇ, ಇಷ್ಟೆಲ್ಲ ಬರೆದು ಸ್ವಾಮಿ ವಿವೇಕಾನಂದರನ್ನೇ ಬಿಟ್ಟಿರಲ್ಲ! ಷಿಕಾಗೋ ಭಾಷಣದ ಮರುವರ್ಷ, 1894ರ ಬೇಸಿಗೆಯಲ್ಲಿ, ಅವರು ಮೇನ್‌ಗೆ ಬಂದಿದ್ದರು. ರಾಜ್ಯದ ದಕ್ಷಿಣ ತುದಿಯಲ್ಲಿ ಎಲಿಯಟ್ ಅಂತ ಸಣ್ಣ ಊರು, ನದಿಯ ಆಚೆ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್. ಅಲ್ಲಿ ಸಾರಾ ಫಾರ್ಮರ್ ಅನ್ನುವವರು ಗ್ರೀನ್ ಏಕರ್ ಅನ್ನುವ ಜಾಗದಲ್ಲಿ ಎಲ್ಲ ಧರ್ಮದವರನ್ನೂ ಕರೆದು ಬೇಸಿಗೆ ಶಿಬಿರ ನಡೆಸುತ್ತಿದ್ದರು. ಜನ ಟೆಂಟ್ ಹಾಕಿಕೊಂಡು ಇರುತ್ತಿದ್ದರು. ಸ್ವಾಮೀಜಿ ಬೆಳಿಗ್ಗೆ ಪೈನ್ ಮರದ ಕೆಳಗೆ ಕೂತು ವೇದಾಂತ ಹೇಳುತ್ತಿದ್ದರು. ಎಲ್ಲರಿಗೂ ಶಿವೋಹಂ ಕಲಿಸುತ್ತಿದ್ದೇನೆ, ಒಂದು ರಾತ್ರಿ ಆ ಮರದ ಕೆಳಗೇ ಮಲಗಿದ್ದೆವು ಅಂತ ಖುಷಿಯಿಂದ ಪತ್ರ ಬರೆದಿದ್ದಾರೆ.

ಗ್ರೀನ್ ಏಕರ್ ಈಗ ಬಹಾಯಿ ಧರ್ಮದವರ ಕೇಂದ್ರ. ನ್ಯೂಜೆರ್ಸಿಯಿಂದ ಹೋಗುವಾಗ ಹೈವೇಯಿಂದ ಸ್ವಲ್ಪ ಒಳಗೆ ಅಷ್ಟೇ. ಅಮ್ಮನಿಗೆ ಲಾಬ್‌ಸ್ಟರ್ ಮ್ಯೂಸಿಯಂ ತೋರಿಸೋದಕ್ಕಿಂತ ಇದು ವಾಸಿ ಅಲ್ವಾ? ಒಳಗೆ ಹೋಗಬಹುದಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಬೆಣ್ಣೆ ಬಿಸ್ಕತ್ತು

ಊಟದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನಾವೂ ಮೊಟ್ಟೆ ತಿನ್ನಲ್ಲ.

ಪೋರ್ಟ್‌ಲ್ಯಾಂಡ್‌ನಲ್ಲಿ ಏನೂ ತೊಂದರೆ ಇಲ್ಲ, ಇಂಡಿಯನ್ ಹೋಟೆಲ್, ಥಾಯ್, ಇಥಿಯೋಪಿಯನ್ ಎಲ್ಲ ಸಿಗುತ್ತೆ. ಅಲ್ಲಿಂದ ಮೇಲೆ ಹೋದ ಹಾಗೆ ಮೆನುವಿನಲ್ಲಿ ಮೀನು, ಏಡಿ, ಲಾಬ್‌ಸ್ಟರ್ ಬಿಟ್ಟರೆ ಪಿಜ್ಜಾ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ, ಕುಕ್ಕರ್ ಹಾಕಿಕೊಂಡು ಹೋಗಿ. ಅಕ್ಕಿ, ಬೇಳೆ, ಉಪ್ಪಿನಕಾಯಿ ಇದ್ದರೆ ಅಮ್ಮಂದಿರು ಅರ್ಧ ಗೆದ್ದ ಹಾಗೆ.

ಹುಷಾರಾಗಿರಬೇಕಾದ್ದು: ಬೇಕ್ಡ್ ಬೀನ್ಸ್ ಅಂತ ಕೊಡ್ತಾರೆ, ಕಾಳು ತಾನೇ ಅಂದುಕೊಂಡು ತಿನ್ನಬೇಡಿ, ಹಂದಿ ಕೊಬ್ಬು ಹಾಕಿರುತ್ತಾರೆ. ಬ್ಲೂಬೆರಿ ಪೈ ಅಲ್ಲಿನ ಹೆಮ್ಮೆ. ಕಾಡು ಬ್ಲೂಬೆರಿ, ಕಡಲೆ ಕಾಳಿನಷ್ಟು ಚಿಕ್ಕದು, ಅಂಗಡಿಯ ದೊಡ್ಡ ಬ್ಲೂಬೆರಿಗೂ ಇದಕ್ಕೂ ರುಚಿಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಪೈ ಹಿಟ್ಟಿಗೆ ಕೆಲವರು ಹಂದಿ ಕೊಬ್ಬು, ಕೆಲವರು ಬೆಣ್ಣೆ, ಮೇಲೆ ಮೊಟ್ಟೆ ಸವರುವುದೂ ಉಂಟು. ಕೇಳಿಯೇ ತಗೊಳ್ಳಿ. ಬಾರ್ ಹಾರ್ಬರ್ ಪಕ್ಕದ ಅಕೇಡಿಯಾ ಪಾರ್ಕ್‌ನಲ್ಲಿ ಜೋರ್ಡನ್ ಪಾಂಡ್ ಹತ್ತಿರದ ಹೋಟೆಲಿನ ಪಾಪೋವರ್ ಅನ್ನುವ ಉಬ್ಬಿದ ಬನ್ನಿಗೆ ಎಲ್ಲರೂ ಕ್ಯೂ ನಿಲ್ಲುತ್ತಾರೆ, ಅದು ಪೂರ್ತಿ ಮೊಟ್ಟೆ. ಬ್ಲೂಬೆರಿ ಜಾಮ್ ಬಾಟಲಿ ತಗೊಂಡು ಚಪಾತಿಗೆ ಹಚ್ಚಿಕೊಂಡು ತಿನ್ನಿ, ನಮ್ಮ ಮನೆಯಲ್ಲಿ ಅದೇ ಹಿಟ್ ಆಯಿತು.

ನೀಡಮ್ ಅಂತ ಒಂದು ಮಿಠಾಯಿ ಸಿಗುತ್ತೆ. ಬೇಯಿಸಿದ ಆಲೂಗಡ್ಡೆ, ತೆಂಗಿನತುರಿ, ಸಕ್ಕರೆ ಕಲಸಿ ಚಾಕೊಲೇಟಲ್ಲಿ ಅದ್ದಿದ್ದು. ಆಲೂಗಡ್ಡೆ ಹಾಕಿದ್ದಾರೆ ಅಂತ ಹೇಳದಿದ್ದರೆ ಗೊತ್ತೇ ಆಗಲ್ಲ, ಥೇಟ್ ಕೊಬ್ಬರಿ ಮಿಠಾಯಿ. ಉತ್ತರದ ಅರೂಸ್ಟುಕ್ ಕೌಂಟಿಯಲ್ಲಿ ಆಲೂಗಡ್ಡೆ ಅಷ್ಟು ಬೆಳೆಯುತ್ತಾರೆ, ಕೀಳುವ ಕಾಲಕ್ಕೆ ಶಾಲೆಗಳಿಗೆ ರಜೆ ಕೊಡುವ ಪದ್ಧತಿಯೇ ಇತ್ತು, ಕೆಲವು ಕಡೆ ಇನ್ನೂ ಇದೆ.

ಪೋರ್ಟ್‌ಲ್ಯಾಂಡ್ ವಾಸಿ

ನಾವು ಇಲ್ಲೇ ಇರೋದು, ಹಾಗಾಗಿ ಊರುಗಳ ಬಗ್ಗೆ ನಾನು ಹೇಳುತ್ತೇನೆ.

ಪೋರ್ಟ್‌ಲ್ಯಾಂಡ್ ರಾಜ್ಯದ ದೊಡ್ಡ ಊರು, ಜನ ಸುಮಾರು 68,000. ನಗುತ್ತೀರಿ, ಗೊತ್ತು. ಒರೆಗಾನ್‌ನ ದೊಡ್ಡ ಪೋರ್ಟ್‌ಲ್ಯಾಂಡ್‌ಗೆ ಹೆಸರು ಹೋದದ್ದು ಈ ಸಣ್ಣ ಊರಿಂದಲೇ. 1845ರಲ್ಲಿ ಅಲ್ಲಿ ಜಾಗ ಹಿಡಿದ ಇಬ್ಬರಲ್ಲಿ ಒಬ್ಬ ಬಾಸ್ಟನ್ ಕಡೆಯವನು, ಇನ್ನೊಬ್ಬ ಮೇನ್‌ನವನು. ನಾಣ್ಯ ಚಿಮ್ಮಿದರು, ಮೇನ್‌ನವನು ಗೆದ್ದ.

ಹಳೇ ಬಂದರಿನ ಪೇಟೆಯಲ್ಲಿ ಕಲ್ಲು ಹಾಸಿದ ರಸ್ತೆ, ಅಮ್ಮನಿಗೆ ಕಾಲು ಉಳುಕದ ಹಾಗೆ ಒಳ್ಳೆ ಶೂ ಹಾಕಿಸಿ. ಕವಿ ಲಾಂಗ್‌ಫೆಲೋ ಬೆಳೆದ ಮನೆ ಪೇಟೆ ನಡುವೆಯೇ ಇದೆ. 1807ರಲ್ಲಿ ಗುಡ್ಡದ ಮೇಲೆ ಕಟ್ಟಿದ ಅಬ್ಸರ್ವೇಟರಿ ಗೋಪುರ ಇದೆ. ಹಡಗು ಇನ್ನೂ ದೂರ ಇರುವಾಗಲೇ ದೂರದರ್ಶಕದಲ್ಲಿ ನೋಡಿ, ಅದರ ಮಾಲೀಕನಿಗೆ ಗೊತ್ತಾಗಲಿ ಅಂತ ಬಾವುಟ ಏರಿಸುತ್ತಿದ್ದರು. ಮೆಟ್ಟಿಲು ಜಾಸ್ತಿ, ಅಪ್ಪ ಮಾತ್ರ ಹತ್ತಲಿ. ಪೋರ್ಟ್‌ಲ್ಯಾಂಡ್ ಹೆಡ್ ಲೈಟ್, 1791ರದ್ದು, ಊರಿಂದ ಹದಿನೈದು ನಿಮಿಷ. ಲೈಟ್‌ಹೌಸ್ ಒಂದೇ ನೋಡೋದಾದರೆ ಇದನ್ನೇ ನೋಡಿ, ಹತ್ತಿರದವರೆಗೂ ಕಾರು ಹೋಗುತ್ತೆ. ಹುಲ್ಲಿನ ಮೇಲೆ ಚಾಪೆ ಹಾಸಿ ಪುಳಿಯೋಗರೆ ತಿನ್ನಬಹುದು, ನಾವು ಬೇಸಿಗೆಯಲ್ಲಿ ಅದನ್ನೇ ಮಾಡೋದು.

ದುಡ್ಡು ಕೊಟ್ಟು ದೊಡ್ಡ ಕ್ರೂಸ್ ಬೇಡ. ಕ್ಯಾಸ್ಕೋ ಬೇ ಫೆರಿ ಹತ್ತಿ. ಪೀಕ್ಸ್ ದ್ವೀಪಕ್ಕೆ ಇಪ್ಪತ್ತು ನಿಮಿಷ. ಅಥವಾ ಮೇಲ್ ಬೋಟ್ ಅಂತ ಇದೆ, ದ್ವೀಪದಿಂದ ದ್ವೀಪಕ್ಕೆ ಟಪಾಲು, ದಿನಸಿ ಇಳಿಸುತ್ತಾ ಹೋಗುತ್ತೆ. ಕಟ್ಟೆಯ ಮೇಲೆ ಕಾಯುತ್ತಾ ನಿಂತವರು, ಇಳಿಸುವ ಪೆಟ್ಟಿಗೆಗಳ ಮೇಲೆ ಬರೆದ ಮನೆ ಹೆಸರು, ಎಲ್ಲ ಕೂತಲ್ಲೇ ನೋಡಬಹುದು. ನೀರಿನ ಮೇಲೆ ಬಣ್ಣಬಣ್ಣದ ಬೆಂಡುಗಳು ತೇಲುತ್ತಿರುತ್ತವೆ. ಒಂದೊಂದರ ಕೆಳಗೂ ಹಗ್ಗಕ್ಕೆ ಕಟ್ಟಿದ ಲಾಬ್‌ಸ್ಟರ್ ಬೋನು. ಒಬ್ಬ ಮೀನುಗಾರನದು ಹಳದಿ ಮೇಲೆ ಕೆಂಪು ಪಟ್ಟೆ, ಇನ್ನೊಬ್ಬನದು ಹಸಿರು-ಬಿಳಿ, ಆ ಬಣ್ಣ ಅವನ ಹೆಸರಲ್ಲಿ ನೋಂದಣಿ ಆಗಿರುತ್ತೆ, ದೋಣಿ ಮೇಲೂ ಅದನ್ನು ತೋರಿಸಬೇಕು. ಇನ್ನೊಬ್ಬನ ಬೋನಿಗೆ ಕೈ ಹಾಕಿದರೆ ದೊಡ್ಡ ಅಪರಾಧ.

ಲೂಯಿಸ್ಟನ್‌ಗೆ ಪ್ರವಾಸಿಗರು ಯಾರೂ ಹೋಗಲ್ಲ. ಬಟ್ಟೆ ಗಿರಣಿಗಳ ಊರು. ಕೆಲಸಕ್ಕೆ ಅಂತ ಕೆನಡಾದ ಕ್ವಿಬೆಕ್‌ನಿಂದ ಫ್ರೆಂಚ್ ಮಾತಾಡುವವರು ರೈಲು ಹತ್ತಿ ಬಂದು ತುಂಬಿಕೊಂಡರು. ಗಿರಣಿ ಮುಚ್ಚಿದ ಮೇಲೆ ಊರು ಸೊರಗಿತು. 2001ರಿಂದ ಸೋಮಾಲಿ ಕುಟುಂಬಗಳು ಬಂದು ಮುಖ್ಯ ಬೀದಿಯ ಮುಚ್ಚಿದ ಅಂಗಡಿಗಳನ್ನು ತೆರೆದವು. ಮೊದಮೊದಲು ಕಿರಿಕಿರಿ ಬಹಳ ಇತ್ತು, ಈಗ ಅಲ್ಲಿನ ಸಮೋಸಕ್ಕೆ ಎಲ್ಲರೂ ಹೋಗುತ್ತಾರೆ. ಸೋಮಾಲಿಯವರದ್ದು ಬಹುಪಾಲು ಮಾಂಸದ್ದು, ಕೇಳಿ ತಗೊಳ್ಳಿ. 1965ರ ಮೇ 25ಕ್ಕೆ ಮುಹಮ್ಮದ್ ಅಲಿ, ಸೋನಿ ಲಿಸ್ಟನ್‌ನನ್ನು ಮೊದಲ ರೌಂಡಲ್ಲೇ ಕೆಡವಿದ್ದು ಇದೇ ಊರಲ್ಲಿ, ಬಾಸ್ಟನ್‌ನವರು ಬೇಡ ಅಂದರು ಅಂತ ಇಲ್ಲಿಗೆ ಬಂತು.

ಬ್ಯಾಂಗರ್ ಒಂದು ಕಾಲಕ್ಕೆ ಜಗತ್ತಿನ ಮರದ ರಾಜಧಾನಿ ಅಂತ ಮೆರೆದ ಊರು. ಈಗ ಮರ ಕಡಿಯುವವರ ಕಥೆಗಳ ದೈತ್ಯ ಪಾಲ್ ಬನ್ಯನ್‌ನ 31 ಅಡಿಯ ಪ್ರತಿಮೆ, ಭಯಾನಕ ಕಾದಂಬರಿಗಳ ಸ್ಟೀಫನ್ ಕಿಂಗ್ ಅವರ ಕೆಂಪು ಮನೆಯ ಗೇಟು. ಪೆಟ್ರೋಲ್ ಹಾಕಿಸುವಾಗ ನೋಡಿದರೆ ಸಾಕು.

ಇರೋದಕ್ಕೆ ಹೇಗೆ ಅಂತ ಕೇಳಿಲ್ಲ, ಆದರೂ ಹೇಳ್ತೀನಿ. ದೇಶದಲ್ಲೇ ಜನರ ಸರಾಸರಿ ವಯಸ್ಸು ಜಾಸ್ತಿ ಇರುವ ರಾಜ್ಯ ಇದು. ಶಾಂತವಾಗಿದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಕನ್ನಡದವರು ಸಿಕ್ಕರೆ ದೀಪಾವಳಿಗೆ ಮನೆಗೇ ಕರೆದುಬಿಡುತ್ತೇವೆ, ಅಷ್ಟು ಅಪರೂಪ.

ಭದ್ರಾವತಿ ಎಕ್ಸ್‌ಪ್ರೆಸ್

ಎಲ್ಲರೂ ಕಡಲ ಬದಿಯದೇ ಹೇಳ್ತಿದ್ದೀರಿ. ಕಾಡಿನ ರಾಜ್ಯ ಅಂದ ಮೇಲೆ ಕಾಡು ನೋಡದೆ ಬರೋದಾ?

ಬ್ಯಾಂಗರ್‌ನಿಂದ ಉತ್ತರಕ್ಕೆ ಒಂದು ಗಂಟೆ ಹೋದರೆ ಮಿಲಿನಾಕೆಟ್. 1900ರ ಹೊತ್ತಿಗೆ ಬರೀ ಕಾಡಿದ್ದ ಜಾಗದಲ್ಲಿ ಗ್ರೇಟ್ ನಾರ್ದರ್ನ್ ಕಂಪನಿ ಕಾಗದದ ಗಿರಣಿ ಹಾಕಿತು, ಅದರ ಸುತ್ತ ಊರು ಹುಟ್ಟಿತು. ನೂರು ವರ್ಷ ಊರಿನ ಪ್ರತಿ ಮನೆಗೂ ಗಿರಣಿಯದೇ ಸಂಬಳ. 2008ರಲ್ಲಿ ಬಾಗಿಲು ಹಾಕಿತು. ನಮ್ಮ ಭದ್ರಾವತಿಯ ಕಾಗದದ ಕಾರ್ಖಾನೆ ಎಂಪಿಎಂ ನಿಂತ ಮೇಲೆ ಪೇಪರ್ ಟೌನ್ ಕ್ವಾರ್ಟರ್ಸ್ ನೋಡಿದವನು ನಾನು, ಹಾಗಾಗಿ ಅಲ್ಲಿ ಖಾಲಿ ಬಿದ್ದ ಗಿರಣಿಯ ಜಾಗದ ಎದುರು ಕಾರು ನಿಲ್ಲಿಸಿ ಸುಮಾರು ಹೊತ್ತು ನಿಂತೆ. ಕಾಫಿ ಅಂಗಡಿಯಲ್ಲಿ ಪಕ್ಕ ಕೂತ ಹಿರಿಯರು ತಾವೂ, ತಮ್ಮ ಅಪ್ಪನೂ ಅಲ್ಲೇ ಕೆಲಸ ಮಾಡಿದ್ದು ಅಂದರು. ಮುಂದಿನ ಅರ್ಧ ಗಂಟೆ ಮಷೀನ್, ಶಿಫ್ಟು, ಬೋನಸ್ಸು ಇದೇ ಮಾತು.

ಆ ಕಾಲಕ್ಕೆ ಚಳಿಗಾಲದಲ್ಲಿ ಮರ ಕಡಿದು ಹೆಪ್ಪುಗಟ್ಟಿದ ನದಿಯ ದಡಕ್ಕೆ ತಂದು ಪೇರಿಸುತ್ತಿದ್ದರು. ವಸಂತದಲ್ಲಿ ಐಸ್ ಕರಗಿ ನೀರು ಏರಿದಾಗ ತೇಲಿಬಿಡುತ್ತಿದ್ದರು. ದಿಮ್ಮಿಗಳು ಸಿಕ್ಕಿಕೊಂಡರೆ ಮೊಳೆಯ ಬೂಟು ಹಾಕಿಕೊಂಡವರು ಅವುಗಳ ಮೇಲೇ ಓಡಾಡಿ, ಕೊಕ್ಕೆ ಕೋಲಿನಿಂದ ಬಿಡಿಸಬೇಕು. ಕಾಲು ಜಾರಿದರೆ ಮುಗಿಯಿತು. ಕೆನೆಬೆಕ್ ನದಿಯಲ್ಲಿ 1976ರವರೆಗೂ ಹೀಗೆ ಮರ ತೇಲಿಸಿದ್ದಾರೆ. ಮಿಲಿನಾಕೆಟ್‌ನಿಂದ ಮುಂದೆ ಪ್ಯಾಟನ್ ಊರಲ್ಲಿ ಮರ ಕಡಿಯುವವರ ಮ್ಯೂಸಿಯಂ ಇದೆ, ಆ ಬೂಟು, ಕೊಕ್ಕೆ, ಜಾರುಬಂಡಿ ಎಲ್ಲ ಇಟ್ಟಿದ್ದಾರೆ. ಮುಂಚೆ ಫೋನ್ ಮಾಡಿ ಹೋಗಿ, ಅಕ್ಟೋಬರ್ ಹೊತ್ತಿಗೆ ಮುಚ್ಚಬಹುದು.

ಹತ್ತಿರದಲ್ಲೇ ಬ್ಯಾಕ್ಸ್‌ಟರ್ ಪಾರ್ಕ್, ಒಳಗೆ ಕಟಾಡಿನ್ ಬೆಟ್ಟ, 5,200 ಅಡಿ ಮೇಲೆ. ಜಾರ್ಜಿಯಾದಿಂದ ಶುರುವಾಗುವ ಅಪಲಾಚಿಯನ್ ಟ್ರೇಲ್ ಅನ್ನುವ ಉದ್ದದ ಕಾಲುದಾರಿ ಮುಗಿಯೋದು ಅದರ ತುದಿಯಲ್ಲಿ. ಪರ್ಸಿವಲ್ ಬ್ಯಾಕ್ಸ್‌ಟರ್ ಅನ್ನುವವರು ಗವರ್ನರ್ ಆಗಿದ್ದಾಗ ಈ ಬೆಟ್ಟವನ್ನು ಸರ್ಕಾರ ಕೊಳ್ಳಬೇಕು ಅಂತ ಕೇಳಿದರು, ಶಾಸನಸಭೆ ಒಪ್ಪಲಿಲ್ಲ. ಅಧಿಕಾರ ಬಿಟ್ಟ ಮೇಲೆ ಸ್ವಂತ ದುಡ್ಡಲ್ಲಿ 1930ರಿಂದ 1962ರವರೆಗೆ ತುಂಡು ತುಂಡಾಗಿ ಕೊಂಡು, ಕಾಡು ಕಾಡಾಗಿಯೇ ಇರಬೇಕು ಅನ್ನುವ ಷರತ್ತಿನ ಮೇಲೆ ರಾಜ್ಯಕ್ಕೆ ಕೊಟ್ಟರು. 2 ಲಕ್ಷ ಎಕರೆಗಿಂತ ಜಾಸ್ತಿ. ಒಳಗೆ ಕರೆಂಟ್ ಇಲ್ಲ, ನಲ್ಲಿ ಇಲ್ಲ, ಟಾರ್ ರಸ್ತೆ ಇಲ್ಲ. ಹತ್ತಬೇಕಿಲ್ಲ, ಕಾರಲ್ಲೇ ಸ್ವಲ್ಪ ಒಳಗೆ ಹೋಗಿ ಯಾವುದಾದರೂ ಕೊಳದ ಪಕ್ಕ ಸುಮ್ನೆ ಕೂತರೂ ಆಯಿತು. ಅದೃಷ್ಟ ಇದ್ದರೆ ಮೂಸ್ (ಜಿಂಕೆ ಜಾತಿಯ ಭಾರೀ ಪ್ರಾಣಿ) ನೀರಿಗಿಳಿದು ಗಿಡ ಮೇಯುತ್ತಿರುತ್ತೆ.

ಒಂದು ವಿಷಯ ಜನರಿಗೆ ಗೊತ್ತಿರಲ್ಲ. ಉತ್ತರದ ಕಾಡು ಬಹುಪಾಲು ಸರ್ಕಾರದ್ದಲ್ಲ, ಖಾಸಗಿ. ಕಂಪನಿಗಳು ಮರ ಕಡಿಯುತ್ತವೆ, ಗೇಟಲ್ಲಿ ದುಡ್ಡು ಕೊಟ್ಟು ನಾವೂ ಹೋಗಬಹುದು. ಆ ಮಣ್ಣು ರಸ್ತೆಗಳಲ್ಲಿ ದಿಮ್ಮಿ ಲಾರಿಗೇ ಮೊದಲ ಹಕ್ಕು, ನೀವು ಬದಿಗೆ ಸರಿಯಬೇಕು. ಸಂಜೆ ಮೇಲೆ ಕಾರು ಓಡಿಸಬೇಡಿ. ಮೂಸ್‌ನ ಕಾಲು ಎಷ್ಟು ಉದ್ದ ಅಂದರೆ ಹೆಡ್‌ಲೈಟ್ ಬೆಳಕು ಅದರ ಕಣ್ಣಿಗೆ ತಾಗಲ್ಲ, ಜಿಂಕೆ ಕಣ್ಣಿನ ಹಾಗೆ ಹೊಳೆಯಲ್ಲ. ಹತ್ತಿರ ಬರುವವರೆಗೂ ಕಾಣಲ್ಲ.

ಬಾಸ್ಟನ್ ಬಿಸಿಬೇಳೆ

ಎಕ್ಸ್‌ಪ್ರೆಸ್ ಸರ್, ನೀವು ಹೇಳಿದ್ದು ಚೆನ್ನಾಗಿದೆ, ಆದರೆ ವಯಸ್ಸಾದವರನ್ನು ಕರೆಂಟ್ ಇಲ್ಲದ ಕಾಡಿಗೆ ಒಂದೇ ವಾರದ ಪ್ರವಾಸದಲ್ಲಿ ಎಳೆಯೋದು ಬೇಡ. ಅಕೇಡಿಯಾ ಪಾರ್ಕ್‌ನಲ್ಲೇ ಕಾಡು ಬೇಕಾದಷ್ಟಿದೆ. ಕೋಟ್ಯಧೀಶ ರಾಕೆಫೆಲ್ಲರ್ ಜೂನಿಯರ್ ಕಾರಿಗೆ ಪ್ರವೇಶವಿಲ್ಲದ ಜಲ್ಲಿ ರಸ್ತೆಗಳನ್ನು ಮಾಡಿಸಿದ್ದಾರೆ, ಪಾರ್ಕ್ ಒಳಗೆ 45 ಮೈಲಿ, ಜೊತೆಗೆ ಗ್ರಾನೈಟ್ ಸೇತುವೆಗಳು. ಅಲ್ಲಿ ಕುದುರೆ ಗಾಡಿ ಸಿಗುತ್ತೆ. ಅಮ್ಮನನ್ನು ಅದರಲ್ಲಿ ಕೂರಿಸಿ.

ಅಕ್ಟೋಬರ್‌ನಲ್ಲಿ ಎಲೆ ಬಣ್ಣ ತಿರುಗುತ್ತಲ್ಲ, ಅದರ ಹಿಂದೆಯೂ ಒಂದು ಬೆಂಕಿ ಇದೆ. 1947ರ ಅಕ್ಟೋಬರ್‌ನಲ್ಲಿ ಬಾರ್ ಹಾರ್ಬರ್, ಅಕೇಡಿಯಾ ಇರುವ ದ್ವೀಪದ ಪೂರ್ವ ಭಾಗ ಸುಟ್ಟು ಹೋಯಿತು, ಕೋಟ್ಯಧೀಶರ ಬಂಗಲೆಗಳು ಬೂದಿಯಾದವು. ಮುಂಚೆ ಇದ್ದದ್ದು ಸದಾ ಹಸಿರಿನ ಸ್ಪ್ರೂಸ್, ಫರ್. ಸುಟ್ಟ ನೆಲದಲ್ಲಿ ಬೆಳಕು ಬೇಕಾದ ಬರ್ಚ್, ಆಸ್ಪೆನ್ ಮೊದಲು ಎದ್ದವು. ಈಗ ಹಳದಿ, ಕಿತ್ತಳೆ ಅಂತ ನಾವು ಫೋಟೋ ತೆಗೆಯೋದು ಅವನ್ನೇ.

ಪಾರ್ಕ್‌ನ ಕ್ಯಾಡಿಲ್ಯಾಕ್ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗೋದಾದರೆ ಆನ್‌ಲೈನ್‌ನಲ್ಲಿ ಕಾರು ರಿಸರ್ವೇಶನ್ ಬೇಕು. ಸ್ವಲ್ಪ ಭಾಗ 90 ದಿನ ಮೊದಲು ಬಿಡ್ತಾರೆ, ಉಳಿದದ್ದು ಎರಡು ದಿನ ಮೊದಲು ಬೆಳಿಗ್ಗೆ ಹತ್ತಕ್ಕೆ. ಹತ್ತು ಗಂಟೆಗೆ ಸರಿಯಾಗಿ ಕೂತಿರಿ, ಬೇಗ ಖಾಲಿ. ಪಾರ್ಕ್ ಪಾಸ್ ಬೇರೆ. ಹೊರದೇಶದವರಿಗೆ ಶುಲ್ಕ ಬೇರೆ ಇರಬಹುದು, ಅಪ್ಪ-ಅಮ್ಮನ ಲೆಕ್ಕದಲ್ಲಿ ನೋಡಿಕೊಳ್ಳಿ.

ಬಾರ್ ಹಾರ್ಬರ್ ಪೇಟೆ ನನಗೆ ಅಷ್ಟಕ್ಕಷ್ಟೇ. ಟೀಶರ್ಟ್ ಅಂಗಡಿ, ಕ್ರೂಸ್ ಹಡಗಿನ ಜನ. ಆದರೆ ಊರಿನ ಎದುರಿಗೇ ಬಾರ್ ಐಲ್ಯಾಂಡ್ ಇದೆ, ಇಳಿತದ ಹೊತ್ತಿಗೆ ಮಧ್ಯದ ಸಮುದ್ರ ಸರಿದು ಜಲ್ಲಿಯ ದಾರಿ ಮೇಲೆ ಬರುತ್ತೆ. ಕಪ್ಪು ಚಿಪ್ಪು, ಕಡಲ ಪಾಚಿ, ಕಲ್ಲಿನ ಗುಂಡಿಯಲ್ಲಿ ಓಡುವ ಸಣ್ಣ ಏಡಿ ನೋಡುತ್ತಾ ನಡೆದುಕೊಂಡೇ ದ್ವೀಪಕ್ಕೆ ಹೋಗಬಹುದು. ಇಳಿತಕ್ಕೆ ಒಂದೂವರೆ ಗಂಟೆ ಮೊದಲು, ಒಂದೂವರೆ ಗಂಟೆ ನಂತರ, ಅಷ್ಟೇ ಸಮಯ. ಆಮೇಲೆ ಅದೇ ದಾರಿಯ ಮೇಲೆ ಆಳುದ್ದ ನೀರು. ಅದರ ಮೇಲೆ ಕಾರು ನಿಲ್ಲಿಸಿ ಮುಳುಗಿಸಿಕೊಂಡವರು ಪ್ರತಿ ವರ್ಷ ಇರುತ್ತಾರೆ.

ಕಾನುಮನೆ

ಅಬ್ಬಾ, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಉತ್ತರ ಅಪ್ಪನಿಗೆ ಓದಿ ಹೇಳಿದೆ. ಈಗ ಅವರೇ ಕೋಟೆ ಯಾವ ದಿನ ತೆರೆದಿರುತ್ತೆ ಅಂತ ದಿನಾ ಕೇಳ್ತಿದ್ದಾರೆ. ಭದ್ರಾವತಿ ಸರ್, ಮಿಲಿನಾಕೆಟ್‌ಗೆ ಒಂದು ದಿನ ಬಿಡಿಸಿಕೊಳ್ಳೋಕೆ ಅಪ್ಪ ಹಟ ಮಾಡ್ತಿದ್ದಾರೆ, ನೋಡ್ತೀನಿ. ಇನ್ನೆರಡು ಪ್ರಶ್ನೆ. ಉಣುಗಿನ ಕಾಟ ಇದೆಯಂತೆ ಹೌದಾ? ಮತ್ತೆ, ಅಷ್ಟು ದೂರ ಹೋದವರು ಪೂರ್ವದ ತುದಿ ಲುಬೆಕ್‌ವರೆಗೆ ಹೋಗಬಹುದಾ?

ಪೋರ್ಟ್‌ಲ್ಯಾಂಡ್ ವಾಸಿ

ಉಣುಗು ಇದೆ ಅಕ್ಕ, ಅಕ್ಟೋಬರ್‌ನಲ್ಲಿ ದೊಡ್ಡ ಉಣುಗುಗಳು ಮತ್ತೆ ಜಾಸ್ತಿ ಆಗುತ್ತವೆ. ನಿಮ್ಮ ಕಡೆಯವರಿಗೆ ಮಂಗನ ಕಾಯಿಲೆ ಉಣುಗಿನಿಂದ ಬರುತ್ತೆ ಅಂತ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಉದ್ದ ಪ್ಯಾಂಟು, ಸಾಕ್ಸ್ ಒಳಗೆ ಸಿಕ್ಕಿಸಿ. ಅಮ್ಮ ಸೀರೆ ಉಡುವವರಾದರೆ ಹುಲ್ಲಲ್ಲಿ ನಡೆಯದೆ ದಾರಿ ಮಧ್ಯೆಯೇ ನಡೆಯಲಿ. ರಾತ್ರಿ ಮಂಡಿ ಹಿಂದೆ, ಕಂಕುಳು, ಕಿವಿ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸುಣ್ಣ, ಎಣ್ಣೆ ಹಚ್ಚೋದು ಬೇಡ. ಆಮೇಲೆ ಜ್ವರ ಬಂದರೆ ಅಥವಾ ಕೆಂಪು ಚಕ್ರದ ಹಾಗೆ ಕಲೆ ಎದ್ದರೆ ತಡ ಮಾಡದೆ ಡಾಕ್ಟರ್ ಹತ್ತಿರ.

ಲುಬೆಕ್‌ಗೆ ಬಾರ್ ಹಾರ್ಬರ್‌ನಿಂದ ಎರಡು ಗಂಟೆ ಮೇಲೆ. ಕೆಂಪು-ಬಿಳಿ ಪಟ್ಟೆಯ ವೆಸ್ಟ್ ಕ್ವಾಡಿ ಲೈಟ್‌ಹೌಸ್ ಇದೆ, ಅಲಾಸ್ಕಾ, ಹವಾಯಿ ಬಿಟ್ಟು ನೋಡಿದರೆ ದೇಶದ ಪೂರ್ವದ ತುದಿ ಅದು. ದಾರಿಯುದ್ದಕ್ಕೂ ಬ್ಲೂಬೆರಿ ಬಯಲುಗಳು, ಅಕ್ಟೋಬರ್‌ನಲ್ಲಿ ಗಿಡ ಪೂರ್ತಿ ಕೆಂಪಾಗಿರುತ್ತೆ, ನನಗೆ ಕಾಡಿಗಿಂತ ಅದೇ ಚೆಂದ. ಎರಡು ಎಚ್ಚರಿಕೆ. ಅಲ್ಲಿ ಫೋನ್ ಕೆನಡಾ ಟವರ್ ಹಿಡಿದು ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಅದನ್ನು ನಂಬಬೇಡಿ. ಊರಿನಿಂದ ಒಂದು ಸೇತುವೆ ಕ್ಯಾಂಪೊಬೆಲ್ಲೊ ದ್ವೀಪಕ್ಕೆ ಹೋಗುತ್ತೆ, ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಅವರ ಮನೆ ಅಂತ ಬೋರ್ಡ್ ಕಾಣಿಸುತ್ತೆ. ಅದು ಕೆನಡಾ. ಅಪ್ಪ-ಅಮ್ಮನಿಗೆ ಕೆನಡಾ ವೀಸಾ ಇಲ್ಲದಿದ್ದರೆ ಸೇತುವೆ ಹತ್ತಲೇಬೇಡಿ. ಪಾಸ್‌ಪೋರ್ಟ್, ಐ-94 (ಅಮೆರಿಕದೊಳಗೆ ಬಂದದ್ದರ ದಾಖಲೆ) ಪ್ರತಿ ಕಾರಲ್ಲೇ ಇಟ್ಟುಕೊಳ್ಳಿ, ಗಡಿ ಹತ್ತಿರದ ಹೈವೇಗಳಲ್ಲಿ ಕೆಲವೊಮ್ಮೆ ನಿಲ್ಲಿಸಿ ಕೇಳುತ್ತಾರೆ.

ಪೋರ್ಟ್‌ಲ್ಯಾಂಡ್‌ಗೆ ಬಂದಾಗ ಇಲ್ಲೇ ಮೆಸೇಜ್ ಹಾಕಿ, ಮನೆಗೆ ಊಟಕ್ಕೆ ಬನ್ನಿ. ಶಿರಸಿ ಅಪ್ಪೆಹುಳಿ ಪುಡಿ ಏನಾದರೂ ಮಿಕ್ಕಿದ್ದರೆ ತನ್ನಿ.